ಬಿಚ್ಚಲು ಬಾರದ ಝಂಪರು: ಧಾರವಾಡದ ಒಂದು ಬಟ್ಟೆ ಗೊಂಬೆ ತರಗತಿಯ ಬಗ್ಗೆ

ಧಾರವಾಡದಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ನಡೆಯುವ ಬಟ್ಟೆ ಗೊಂಬೆ ಹೊಲಿಗೆಯ ತರಗತಿಗೆ ಈ ಬೇಸಿಗೆಯಲ್ಲಿ ನಾನು ಹೋಗಿಬಂದೆ. ಒಟ್ಟು 4 ಭಾನುವಾರ, ಪ್ರತಿ ಭಾನುವಾರ 3 ತಾಸು. ಸಾಮಾನಿನ ಚೀಲವೂ ಸೇರಿ ಶುಲ್ಕ 2,200 ರೂಪಾಯಿ. ಒಂದು ತಂಡಕ್ಕೆ 8 ಜನರಿಗಿಂತ ಹೆಚ್ಚಿಗೆ ತೆಗೆದುಕೊಳ್ಳುವುದಿಲ್ಲ. ಕೊನೆಯ ದಿನ ಪ್ರತಿಯೊಬ್ಬರೂ ಇಳಕಲ್ ಸೀರೆ ಉಟ್ಟ, 14 ಇಂಚು ಎತ್ತರದ ಒಂದು ಗೊಂಬೆಯನ್ನು ಮನೆಗೆ ಒಯ್ಯುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗೊಂಬೆಯ ಮೈ ಹೊಲಿಯುವುದನ್ನು ಇಷ್ಟು ಚೆನ್ನಾಗಿ ಕಲಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಆ ಗೊಂಬೆಗೆ ಬಟ್ಟೆ ಹೊಲಿಯುವ ಪಾಠ ಅದಕ್ಕೆ ತಕ್ಕಂತಿಲ್ಲ. ಮಗುವಿನ ಕೈಗೆ ಹೋಗುವ ಗೊಂಬೆಗೆ ಉಡುವ ತೊಡುವ ಬಟ್ಟೆಯಲ್ಲೇ ಅರ್ಧ ಜೀವ ಇರುವುದರಿಂದ ಈ ಕೊರತೆಯನ್ನು ಸಣ್ಣದೆಂದು ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ.

ಸಾಮಾನಿನ ಚೀಲದಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಅರ್ಧ ಮೀಟರ್ ಕೋರಾ (ಬಿಳುಪು ಮಾಡದ) ಬಟ್ಟೆ, ರಟ್ಟಿನಲ್ಲಿ ಕತ್ತರಿಸಿದ ಮೈಯ ಪ್ಯಾಟರ್ನ್, ಒಳಗೆ ತುಂಬಲು ಪಾಲಿಯೆಸ್ಟರ್ ನಾರು, ಕೂದಲಿಗೆ ಕಪ್ಪು ಉಲ್ಲನ್, ಕಸೂತಿಯ ದಾರ, ಸಣ್ಣ ಸೂಜಿಗಳ ಜೊತೆಗೆ ಕೈಕಾಲು ಜೋಡಿಸಲು ಒಂದು 5 ಇಂಚಿನ ಉದ್ದ ಸೂಜಿ, ಸೀರೆಗೆ ಇಳಕಲ್‌ನ ಒಂದು ತುಂಡು ಮತ್ತು ಝಂಪರಿಗೆ, ಅಂದರೆ ರವಿಕೆಗೆ, ಗುಳೇದಗುಡ್ಡದಲ್ಲಿ ನೇಯುವ ಖಣದ ಒಂದು ತುಂಡು ಇದ್ದವು. ಇವುಗಳಲ್ಲಿ ಒಂದೂ ಅಗ್ಗದ ಮಾಲಲ್ಲ. ಕೋರಾ ಬಟ್ಟೆ ಒತ್ತಾಗಿ ನೇಯ್ದದ್ದು, ಬೆಳಕಿಗೆ ಹಿಡಿದರೆ ಕಣ್ಣು ಬಿಡುವುದಿಲ್ಲ. ಗೊಂಬೆಯ ಮೈಗೆ ಸಡಿಲ ನೇಯ್ಗೆಯ ಬಟ್ಟೆ ಬಳಸಿದರೆ ತುಂಬುವಾಗ ಹೊಲಿಗೆಯ ಪಕ್ಕದಲ್ಲೇ ಎಳೆ ಸರಿದು ನಾರು ಹೊರಗೆ ಇಣುಕುತ್ತದೆ ಎಂಬುದನ್ನು ಅನುಭವಿಸಿದವರಿಗೆ ಈ ಒಂದು ಆಯ್ಕೆಯ ಬೆಲೆ ಗೊತ್ತು.

ಮೊದಲ ಭಾನುವಾರ ಸೂಜಿಯನ್ನೇ ಮುಟ್ಟಲಿಲ್ಲ. ಕೋರಾ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಹಾಕಿ ಗಂಜಿ ತೆಗೆದು, ಅದು ಕುಗ್ಗುವಷ್ಟು ಕುಗ್ಗಲು ಬಿಟ್ಟು, ಆಮೇಲೆ ಬಣ್ಣ ಕಟ್ಟಿದೆವು. ಮೂರು ಪಾತ್ರೆಗಳಿದ್ದವು. ಒಂದರಲ್ಲಿ ಚಹಾದ ಡಿಕಾಕ್ಷನ್, ಇನ್ನೊಂದರಲ್ಲಿ ಗಟ್ಟಿ ಕಾಫಿ, ಮೂರನೆಯದರಲ್ಲಿ ಎಲೆ ಅಡಿಕೆಗೆ ಹಾಕುವ ಕಾಚು. ಚಹಾದಿಂದ ಗೋಧಿಯ ಬಣ್ಣ, ಕಾಫಿಯಿಂದ ಅದಕ್ಕಿಂತ ಗಾಢ, ಕಾಚಿನಿಂದ ಕೆಂಪು ಬೆರೆತ ಕಂದು ಬರುತ್ತದೆ. ಮಾರುಕಟ್ಟೆಯಲ್ಲಿ ಗೊಂಬೆಯ ಮೈಗೆಂದು ಮಾರುವ ನಸುಗುಲಾಬಿ ಬಟ್ಟೆಯನ್ನು ಈ ತರಗತಿಯಲ್ಲಿ ಒಳಗೇ ಬಿಟ್ಟುಕೊಂಡಿಲ್ಲ. ನಮ್ಮ ಮಕ್ಕಳ ಮೈಬಣ್ಣದ ಗೊಂಬೆ ಅಂಗಡಿಯಲ್ಲಿ ಸುಲಭವಾಗಿ ಸಿಗದಿರುವಾಗ, ಮನೆಯ ಚಹಾ ಪುಡಿಯಲ್ಲೇ ಅದನ್ನು ಪಡೆಯಬಹುದೆಂದು ಕಲಿತದ್ದು ನನಗೆ ಬಹಳ ಸಂತೋಷ ಕೊಟ್ಟಿತು. ನಾನು ಕಾಚನ್ನು ಆರಿಸಿಕೊಂಡೆ. ಚಹಾದ ಬಣ್ಣ ತೊಳೆದಂತೆಲ್ಲ ಸ್ವಲ್ಪ ಸ್ವಲ್ಪ ಬಿಡುತ್ತದೆ, ಆದ್ದರಿಂದ ಬೇಕಾದ ಬಣ್ಣಕ್ಕಿಂತ ಸ್ವಲ್ಪ ಹೆಚ್ಚು ಗಾಢವಾಗಿಯೇ ಕಟ್ಟಬೇಕು ಎಂಬ ಸೂಚನೆಯನ್ನೂ ಕೊಟ್ಟರು.

ಎರಡನೆಯ ಭಾನುವಾರದ ಪಾಠ ಈ ತರಗತಿಯ ಪ್ರಾಣ. ಗೊಂಬೆಯ ಮೈಯನ್ನು ಬಟ್ಟೆಯ ಯಾವ ದಿಕ್ಕಿಗೆ ಇಟ್ಟು ಕತ್ತರಿಸಬೇಕು ಎಂಬುದರಿಂದ ತರಗತಿ ನಡೆಸುವ ಅಕ್ಕೋರು (ಶಿಕ್ಷಕಿ) ಆರಂಭಿಸಿದರು. ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದದ ಎಳೆ, ಗೊಂಬೆಯ ತಲೆಯಿಂದ ಕಾಲಿನ ಕಡೆಗೆ ನೇರವಾಗಿ ಇಳಿಯಬೇಕು. ಅಡ್ಡ ಎಳೆ, ಅಂದರೆ ಹೊಕ್ಕು, ಸೊಂಟದ ಸುತ್ತ ಬರಬೇಕು. ಹಾಸಿಗಿಂತ ಹೊಕ್ಕು ಹೆಚ್ಚು ಹಿಗ್ಗುವುದರಿಂದ ತುಂಬಿದಾಗ ಗೊಂಬೆ ಉದ್ದಕ್ಕೆ ಎಳೆಯದೆ ಸುತ್ತಲೂ ಒಂದೇ ಸಮನಾಗಿ ದುಂಡಗಾಗುತ್ತದೆ. ಬಟ್ಟೆ ಉಳಿಸುವ ಆಸೆಗೆ ಒಂದು ಕಾಲನ್ನು ಓರೆಯಾಗಿ ಕತ್ತರಿಸಿದರೆ ಆ ಕಾಲು ತುಂಬಿದ ಮೇಲೆ ತಿರುಚಿಕೊಳ್ಳುತ್ತದೆ. ಇದನ್ನು ಬರೀ ಮಾತಿನಲ್ಲಿ ಹೇಳದೆ, ಹಾಗೆ ತಿರುಚಿಕೊಂಡ ಒಂದು ಹಳೆಯ ಗೊಂಬೆಯನ್ನೇ ಎಲ್ಲರ ಕೈಗೂ ಕೊಟ್ಟು ತೋರಿಸಿದರು.

ಆಮೇಲೆ ಕುತ್ತಿಗೆ. ಮನೆಯಲ್ಲಿ ಹೊಲಿದ ಬಟ್ಟೆ ಗೊಂಬೆಗಳು ಸಾಮಾನ್ಯವಾಗಿ ಸೋಲುವುದು ಇಲ್ಲೇ. ನಾಲ್ಕು ದಿನ ಆಡಿದ ಮೇಲೆ ತಲೆ ಎದೆಯ ಮೇಲೆ ಬಾಗುತ್ತದೆ, ಒಮ್ಮೆ ಬಾಗಿದ ತಲೆ ಮತ್ತೆ ಏಳುವುದಿಲ್ಲ. ಇವರ ಪ್ಯಾಟರ್ನ್‌ನಲ್ಲಿ ಕುತ್ತಿಗೆ ಅಗಲವಾಗಿದೆ. ನೋಡಲು ತುಸು ಮೊದ್ದಾದರೂ ಒಳಗೆ ನಾರು ಹೋಗಲು ದಾರಿ ಬೇಕೆಂಬ ಕಾರಣಕ್ಕೆ ಹಾಗೆ ಇಟ್ಟಿದ್ದಾರೆ. ಕುತ್ತಿಗೆಯ ತಿರುವಿನಲ್ಲಿ ಕೈಯಿಂದ ಬ್ಯಾಕ್ ಸ್ಟಿಚ್ ಹಾಕಿ, ಅದರ ಮೇಲೆಯೇ ಎರಡನೆಯ ಸಲ ಹೊಲಿಯಬೇಕು. ನಂತರ ಕತ್ತರಿಯ ತುದಿಯಿಂದ ಹೊಲಿಗೆಯ ಗೆರೆಯ ಹತ್ತಿರದವರೆಗೆ, ಆದರೆ ಗೆರೆಯನ್ನು ಮುಟ್ಟದಂತೆ, ಸಣ್ಣ ಸಣ್ಣ ಕಟ್ ಕೊಡಬೇಕು. ಕಟ್ ಕೊಡದಿದ್ದರೆ ಒಳಗು ಹೊರಗು ಮಾಡಿದಾಗ ಕುತ್ತಿಗೆಯಲ್ಲಿ ಬಟ್ಟೆ ಸುಕ್ಕುಗಟ್ಟುತ್ತದೆ. ಗೆರೆಯನ್ನು ಮುಟ್ಟಿದರೆ ತುಂಬುವಾಗ ಅಲ್ಲಿಯೇ ಹರಿಯುತ್ತದೆ. ತುಂಬುವ ಕೆಲಸದಲ್ಲಿ ಅವರಿಗೆ ಅವಸರವೇ ಇಲ್ಲ. ನಾರನ್ನು ಹಿಡಿ ಹಿಡಿಯಾಗಿ ತುರುಕದೆ ಹುಣಸೆ ಬೀಜದಷ್ಟು ಚಿಟಿಕೆಗಳಲ್ಲಿ ಬೆರಳುಗಳಿಂದ ಬಿಡಿಸಿ, ಮೊದಲು ಕೈ ಕಾಲುಗಳ ತುದಿಗೆ, ಆಮೇಲೆ ತಲೆಗೆ, ಕೊನೆಗೆ ಹೊಟ್ಟೆಗೆ ತುಂಬಿಸುತ್ತಾರೆ. ಕುತ್ತಿಗೆಗೆ ಮಾತ್ರ ನಾರಿನ ಬದಲು ಕೋರಾ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ದಾರ ಬಿಗಿದ ಒಂದು ಸುರುಳಿಯನ್ನು, ಅರ್ಧ ತಲೆಯೊಳಗೆ ಅರ್ಧ ಎದೆಯೊಳಗೆ ಬರುವಂತೆ ಇಳಿಸುತ್ತಾರೆ. ಕಡ್ಡಿಯನ್ನೋ ತಂತಿಯನ್ನೋ ಹಾಕುವ ಸುಲಭದ ದಾರಿ ಇದೆಯಾದರೂ, ಮಗು ಗೊಂಬೆಯನ್ನು ಹಲ್ಲಿನಲ್ಲಿ ಕಚ್ಚುತ್ತದೆ, ಅದರ ಮೇಲೆ ಮಲಗುತ್ತದೆ, ಆದ್ದರಿಂದ ಗಡುಸಾದ ವಸ್ತು ಒಳಗೆ ಹೋಗಬಾರದು ಎಂದು ಅವರು ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ನನ್ನ ಗೊಂಬೆಯನ್ನು ತಲೆ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ, "ಇನ್ನೂ ಎರಡು ಚಿಟಿಕಿ ಹಾಕ್ರಿ ಅಕ್ಕಾರ, ಕುತ್ತಿಗಿ ಗಟ್ಟಿ ಇದ್ರ ಗೊಂಬಿ ಹತ್ತು ವರ್ಷ ಬರ್ತೈತಿ" ಎಂದರು. ಹಾಕಿದೆ. ಮೂರು ತಿಂಗಳಾಗಿದೆ, ಆ ತಲೆ ಇನ್ನೂ ನೆಟ್ಟಗೆ ನಿಂತಿದೆ.

ನಾರಿನ ಬದಲು ಹತ್ತಿ ತುಂಬಬಹುದೇ ಎಂದು ನಮ್ಮಲ್ಲಿ ಒಬ್ಬರು ಕೇಳಿದರು. ಧಾರವಾಡದ ಸುತ್ತಮುತ್ತ ಹತ್ತಿ ಬೆಳೆಯುವ ನಮಗೆ ಆ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಅರಳೆ ತುಂಬಿದ ಗೊಂಬೆ ಕೈಗೆ ಹೆಚ್ಚು ಭಾರವಾಗಿ, ಮುಟ್ಟಲು ಹೆಚ್ಚು ಹಿತವಾಗಿ ಇರುತ್ತದೆ ಎಂಬುದನ್ನು ಅಕ್ಕೋರು ಒಪ್ಪಿದರು. ಆದರೆ ತೊಳೆದ ಮೇಲೆ ಅರಳೆ ಗಂಟುಗಟ್ಟುತ್ತದೆ, ನಮ್ಮ ಮಳೆಗಾಲದಲ್ಲಿ ಒಳಗಿನ ತನಕ ಒಣಗದೆ ಮುಗ್ಗು ಹಿಡಿಯುತ್ತದೆ. ನೋಡಲು ಇಡುವ ಗೊಂಬೆಗೆ ಅರಳೆ, ಆಡಲು ಕೊಡುವುದಕ್ಕೆ ನಾರು ಎಂಬ ಅವರ ಉತ್ತರ ಸರಿಯೆಂದೇ ನನಗೆ ತೋರಿತು.

ಮುಖದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಣ್ಣು, ಹುಬ್ಬು, ತುಟಿಗಳನ್ನು ತುಂಬುವ ಮೊದಲೇ ಕಸೂತಿ ದಾರದಲ್ಲಿ ಹೊಲಿಸುತ್ತಾರೆ, ಗಂಟು ಒಳಗೆ ಉಳಿಯುತ್ತದೆ. ಕಣ್ಣುಗಳನ್ನು ಮುಖದ ನಡುಗೆರೆಯ ಮೇಲೆ ಅಥವಾ ಕೂದಲೆಳೆಯಷ್ಟು ಕೆಳಗೆ ಇಟ್ಟರೆ ಗೊಂಬೆ ಎಳೆಯದಾಗಿ ಕಾಣುತ್ತದೆ, ಮೇಲೇರಿಸಿದಂತೆ ವಯಸ್ಸು ಹೆಚ್ಚುತ್ತದೆ. ಕಣ್ಣಿಗೆ ಬಟನ್ ಬಳಸಲು ಬಿಡುವುದಿಲ್ಲ ಎಂಬುದು ನನಗೆ ಮೆಚ್ಚುಗೆಯಾದ ಇನ್ನೊಂದು ಸಂಗತಿ.

ಇನ್ನು ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಮೈಗೆ ಎರಡು ಪೂರ್ತಿ ಭಾನುವಾರ ಕೊಟ್ಟ ತರಗತಿ ಝಂಪರು, ಪರಕಾರ (ಲಂಗ) ಮತ್ತು ಸೀರೆ ಮೂರಕ್ಕೂ ಸೇರಿ ಕೊಟ್ಟದ್ದು ಕೊನೆಯ ದಿನದ ಒಂದೂವರೆ ತಾಸು. ಪರಕಾರವನ್ನು ಸೊಂಟಕ್ಕೆ ಸುತ್ತಿ ಹಿಂದೆ ಹೊಲಿದುಬಿಟ್ಟರು. ಖಣದ ತುಂಡನ್ನು ಎದೆಗೆ ಸುತ್ತಿ, ತೋಳಿನ ಎರಡು ಪಟ್ಟಿಗಳನ್ನು ಬೇರೆಯಾಗಿ ಸುತ್ತಿ, ಅಂಚು ಬಿಚ್ಚಿಕೊಳ್ಳದಂತೆ ಅಂಟು ಹಚ್ಚಿ ಮೈಗೇ ಕೂಡಿಸಿದರು. ಸೀರೆಯ ನೆರಿಗೆಗಳನ್ನು ಜೋಡಿಸಿ ಸೊಂಟಕ್ಕೆ ನಾಲ್ಕು ಟಾಕಾ (ಬಿಡಿ ಹೊಲಿಗೆ), ಹೆಗಲಿಗೆ ಎರಡು ಟಾಕಾ. ದೂರದಿಂದ ನೋಡಿದರೆ ಗೊಂಬೆ ಬಹಳ ಚೆಂದ ಕಾಣುತ್ತಿತ್ತು. ಎಲ್ಲರೂ ಫೋಟೊ ತೆಗೆದುಕೊಂಡೆವು.

ಮನೆಗೆ ತಂದ ದಿನ ನನ್ನ ಮೊಮ್ಮಗಳು, ಅವಳಿಗೆ 4 ವರ್ಷ, ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊದಲು ಮಾಡಿದ ಕೆಲಸ ಸೆರಗನ್ನು ಎಳೆದದ್ದು. ಅವಳಿಗೆ ಗೊಂಬೆಗೆ ಎಣ್ಣೆ ಹಚ್ಚಿ ಎರೆಯಬೇಕಾಗಿತ್ತು, ಆಮೇಲೆ ಬೇರೆ ಅಂಗಿ ತೊಡಿಸಿ ಮಲಗಿಸಬೇಕಾಗಿತ್ತು. ಹೆಗಲಿನ ಟಾಕಾ ಕಿತ್ತು ಬಂತು, ಝಂಪರು ಬರಲಿಲ್ಲ. "ಅಜ್ಜಿ, ಇದರ ಅಂಗಿ ಯಾಕ ಬಿಚ್ಚಂಗಿಲ್ಲ? ಇದಕ್ಕ ಸೆಕಿ ಆಗಂಗಿಲ್ಲೇನು?" ಎಂದು ಕೇಳಿದಳು. ಸುತ್ತಿ ಅಂಟಿಸಿದ ಖಣದ ಅಂಚನ್ನು ನಾನು ಉಗುರಿನಿಂದ ಎಬ್ಬಿಸಲು ಹೋದಾಗ ಕಾಚಿನಲ್ಲಿ ಬಣ್ಣ ಕಟ್ಟಿದ ಎದೆಯ ಮೇಲೆ ಅಂಟಿನ ಗಡುಸು ಕಲೆ ಉಳಿಯಿತು. ಅಷ್ಟು ಜತನದಿಂದ ಹೊಲಿದ ಮೈಯ ಮೇಲೆ ಆ ಕಲೆ ನೋಡಿ ನನಗೆ ನಿಜವಾಗಿಯೂ ನೋವಾಯಿತು.

ಬಟ್ಟೆಯನ್ನು ಮೈಗೇ ಹೊಲಿಯುವ ಪದ್ಧತಿ ಎಲ್ಲೆಡೆಯೂ ತಪ್ಪೆಂದು ನಾನು ಹೇಳುವುದಿಲ್ಲ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ಕಟ್ಟಿದ ಅಂತಾರಾಷ್ಟ್ರೀಯ ಗೊಂಬೆಗಳ ಸಂಗ್ರಹಾಲಯಕ್ಕೆ ತನ್ನದೇ ಗೊಂಬೆ ತಯಾರಿಕೆಯ ಕಾರ್ಯಾಗಾರವಿದ್ದು, ಬೇರೆ ಬೇರೆ ಪ್ರಾಂತಗಳ ಉಡುಗೆಯ ಗೊಂಬೆಗಳನ್ನು ಅಲ್ಲಿ ಮಾಡುತ್ತಾರೆ. ಗಾಜಿನ ಹಿಂದೆ ನಿಲ್ಲುವ ಅಂತಹ ಗೊಂಬೆಯ ಸೀರೆ ಒಂದು ನೆರಿಗೆಯೂ ಕದಲದೆ ವರ್ಷಗಟ್ಟಲೆ ಇರಬೇಕು. ದಸರೆಯ ಹಂತದ ಮೇಲೆ ಕೂರಿಸುವ ಗೊಂಬೆಗೂ ಇದೇ ಮಾತು ಸಲ್ಲುತ್ತದೆ. ಆದರೆ ಈ ತರಗತಿಯ ಕರಪತ್ರದಲ್ಲಿ "ನಿಮ್ಮ ಮಗುವಿಗೆ ನೀವೇ ಹೊಲಿದ ಗೊಂಬೆ" ಎಂದಿದೆ, ಕುತ್ತಿಗೆಯನ್ನು ಗಟ್ಟಿ ಮಾಡಿದ್ದೂ ಮಗುವಿಗಾಗಿಯೇ. ಮೈಯನ್ನು ಆಟಕ್ಕೆಂದು ಹೊಲಿದು ಬಟ್ಟೆಯನ್ನು ಪ್ರದರ್ಶನಕ್ಕೆಂದು ಅಂಟಿಸಿದರೆ ಒಂದೇ ಗೊಂಬೆಯಲ್ಲಿ ಎರಡು ಬೇರೆ ಉದ್ದೇಶಗಳು ಒಂದನ್ನೊಂದು ಕೆಡಿಸುತ್ತವೆ.

ಬಿಚ್ಚಿ ತೊಡಿಸುವ ಬಟ್ಟೆ ಹೊಲಿಯುವುದು ಕಷ್ಟವೆಂಬುದು ನನಗೂ ಗೊತ್ತು. ಆ ಕಷ್ಟವನ್ನು ಕಲಿಸಬೇಕಿತ್ತೆಂಬುದೇ ನನ್ನ ಆಕ್ಷೇಪ. ಬಟ್ಟೆ ಗೊಂಬೆಯ ತಲೆ ಮೈಗೆ ಹೋಲಿಸಿದರೆ ಬಹಳ ದೊಡ್ಡದು. ನನ್ನ ಗೊಂಬೆಯ ತಲೆಯ ಸುತ್ತಳತೆ ಕೂದಲು ಸೇರಿ 26 ಸೆಂ.ಮೀ., ಕುತ್ತಿಗೆಯದು 11 ಸೆಂ.ಮೀ. ಕುತ್ತಿಗೆಗೆ ಸರಿಹೊಂದುವ ಕೊರಳಿನ ಝಂಪರು ತಲೆಯ ಮೇಲಿಂದ ಎಂದೂ ಇಳಿಯಲಾರದು, ತಲೆಯ ಮೇಲಿಂದ ಇಳಿಯುವ ಕೊರಳು ಹೆಗಲಿನಿಂದ ಜಾರಿಬೀಳುತ್ತದೆ. ಹಾಗಾಗಿ ಝಂಪರು ಬೆನ್ನಿನ ಕಡೆ ಮೇಲಿಂದ ಕೆಳಗಿನ ತನಕ ಪೂರ್ತಿ ತೆರೆಯುವಂತಿರಬೇಕು. ತೋಳಿನದು ಇನ್ನೊಂದು ತೊಡಕು: ಗೊಂಬೆಯ ಹೆಬ್ಬೆರಳು ಮಡಚುವುದಿಲ್ಲ, ಆದ್ದರಿಂದ ತೋಳಿನ ಬಾಯಿ ಮಣಿಕಟ್ಟಿನ ಅಳತೆಗಿರದೆ ಅಂಗೈಯ ಅಗಲಕ್ಕೆ ಸರಿಯಾಗಿರಬೇಕು. ಇಷ್ಟು ಚಿಕ್ಕ ಅಳತೆಯಲ್ಲಿ ಕಂಕುಳಿನ ದುಂಡಿಗೆ ತೋಳನ್ನು ಬೇರೆಯಾಗಿ ಕೂಡಿಸುವುದು ನುರಿತ ಟೇಲರಿಗೂ ತಲೆನೋವೇ. ತೋಳನ್ನೂ ಮೈಯನ್ನೂ ಒಂದೇ ತುಂಡಾಗಿ ಕತ್ತರಿಸಿದರೆ ಆ ಕೆಲಸವೇ ಇರುವುದಿಲ್ಲ.

ನಾನು ಮನೆಯಲ್ಲಿ ಮೂರು ಸಲ ಕಾಗದದಲ್ಲಿ ಕತ್ತರಿಸಿ ನೋಡಿ, ನಾಲ್ಕನೆಯದನ್ನು ಹಳೆಯ ಧೋತರದ ಮಲ್ (ತೆಳು ಹತ್ತಿ) ಬಟ್ಟೆಯಲ್ಲಿ ಹೊಲಿದು ತೊಡಿಸಿ ಅಳತೆ ಸರಿಮಾಡಿಕೊಂಡೆ. ಖಣದ ಅಂಚು ಬೇಗ ಬಿಚ್ಚಿಕೊಳ್ಳುತ್ತದೆ ಎಂಬುದು ನಿಜ, ತರಗತಿಯಲ್ಲಿ ಅಂಟು ಹಚ್ಚಿದ್ದೂ ಅದಕ್ಕಾಗಿಯೇ. ಆದರೆ ಅದೇ ಅಳತೆಯ ಮಲ್ ಬಟ್ಟೆಯ ಲೈನಿಂಗನ್ನು ಖಣದ ಮುಖಕ್ಕೆ ಮುಖ ಇಟ್ಟು ಕೊರಳು, ಬೆನ್ನಿನ ಸೀಳು ಮತ್ತು ತೋಳಿನ ತುದಿಗಳನ್ನು ಹೊಲಿದು, ಕಟ್ ಕೊಟ್ಟು, ಹೆಗಲಿನ ಒಳಗಿಂದ ಎಳೆದು ತಿರುಗಿಸಿ, ಕೊನೆಗೆ ಪಕ್ಕಗಳನ್ನು ಕೂಡಿಸಿದರೆ ಆ ಅಂಚುಗಳಲ್ಲಿ ಒಂದು ಎಳೆಯೂ ಹೊರಗೆ ಉಳಿಯುವುದಿಲ್ಲ, ಅಂಟಿನ ಅಗತ್ಯವೂ ಬೀಳುವುದಿಲ್ಲ. ಬೆನ್ನಿಗೆ ಎರಡು ಸಣ್ಣ ಟಿಚ್ ಬಟನ್ ಹಾಕಿದೆ. ವೆಲ್ಕ್ರೋ ಹಾಕಬೇಡಿರಿ, ಅದು ಖಣದ ರೇಷ್ಮೆಯ ಎಳೆಗಳನ್ನೂ ಉಲ್ಲನ್ ಕೂದಲನ್ನೂ ಹಿಡಿದೆಳೆಯುತ್ತದೆ. ಗೊಂಬೆಯ ಝಂಪರಿಗೆ ಖಣವನ್ನೇ ಆರಿಸಿದ್ದರಲ್ಲಿ ಮಾತ್ರ ಅಕ್ಕೋರ ಕಣ್ಣು ತಪ್ಪಿಲ್ಲ. ಖಣದ ಬುಟ್ಟಿಗಳು, ಅಂದರೆ ನೇಯ್ಗೆಯ ಚಿತ್ತಾರಗಳು, ಎಷ್ಟು ಚಿಕ್ಕವೆಂದರೆ 14 ಇಂಚಿನ ಮೈಯ ಮೇಲೂ ಅವು ತಮ್ಮ ಪ್ರಮಾಣ ಕಳೆದುಕೊಳ್ಳುವುದಿಲ್ಲ. ದೊಡ್ಡ ಹೂವಿನ ಸೀರೆಯ ತುಂಡನ್ನು ಕತ್ತರಿಸಿದರೆ ಒಂದೇ ಹೂವು ಇಡೀ ಎದೆಯನ್ನು ತುಂಬಿಬಿಡುತ್ತದೆ.

ಸೀರೆಯ ಲೆಕ್ಕವನ್ನೂ ತರಗತಿಯಲ್ಲಿ ಹೇಳಿಕೊಡಲಿಲ್ಲ. 160 ಸೆಂ.ಮೀ. ಎತ್ತರದ ಹೆಂಗಸು ಉಡುವ ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 1.15 ಮೀಟರ್ ಅಗಲ ಇರುತ್ತದೆ. ಗೊಂಬೆಯ ಎತ್ತರ 35 ಸೆಂ.ಮೀ., ಅಂದರೆ ಹೆಂಗಸಿನ ಎತ್ತರದ ಸುಮಾರು ನಾಲ್ಕೂವರೆಯಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಗೊಂಬೆಯ ಸೀರೆ 1.2 ಮೀಟರ್ ಉದ್ದ, 25 ಸೆಂ.ಮೀ. ಅಗಲ ಇರಬೇಕು. ಅಗಲ ಸರಿಯಾಗಿಯೇ ಬರುತ್ತದೆ. ಉದ್ದ ಮಾತ್ರ ಹೊಂದುವುದಿಲ್ಲ, ಏಕೆಂದರೆ ಅಳತೆಯನ್ನು ಕುಗ್ಗಿಸಿದರೂ ನೂಲಿನ ದಪ್ಪ ಕುಗ್ಗುವುದಿಲ್ಲ, 1.2 ಮೀಟರ್ ಸೀರೆಯ ನೆರಿಗೆಗಳು ಗೊಂಬೆಯ ಹೊಟ್ಟೆಯ ಮೇಲೆ ಗಂಟಿನಂತೆ ಎದ್ದು ನಿಲ್ಲುತ್ತವೆ. ನನಗೆ 90 ಸೆಂ.ಮೀ. ಉದ್ದ, ನಾಲ್ಕೇ ನೆರಿಗೆ ಸಾಕಾಯಿತು. ನೆರಿಗೆಗಳನ್ನು ಒಂದು ತೆಳುವಾದ ಪಟ್ಟಿಗೆ ಮೊದಲೇ ಹೊಲಿದು, ಆ ಪಟ್ಟಿಯ ತುದಿಗೆ ಲಾಡಿ ಇಟ್ಟರೆ ಮಗು ತಾನೇ ಸುತ್ತಿ ಕಟ್ಟಬಹುದು, ಸೆರಗನ್ನು ಹೆಗಲ ಮೇಲೆ ಹೊದಿಸಬಹುದು, ಬೇಕೆನಿಸಿದಾಗ ತೆಗೆಯಬಹುದು. ಇಳಕಲ್ ತುಂಡನ್ನು ದಡಿ (ಅಂಚಿನ ಪಟ್ಟಿ) ಇರುವ ಬದಿಯಿಂದಲೇ ಉದ್ದಕ್ಕೆ ಕತ್ತರಿಸಬೇಕು. ಚೀಲದಲ್ಲಿ ನನಗೆ ಸಿಕ್ಕ ತುಂಡು ಸೀರೆಯ ಒಡಲಿನ ನಡುವಿನದು, ದಡಿಯೇ ಇರಲಿಲ್ಲ. ದಡಿಯಿಲ್ಲದ ಇಳಕಲ್ ನೋಡುವವರ ಕಣ್ಣಿಗೆ ಬರೀ ಚೌಕಳಿ ಬಟ್ಟೆ. ಕೊನೆಗೆ ನನ್ನ ಹಳೆಯ ಸೀರೆಯೊಂದರ ಅಂಚಿನಿಂದ ಕತ್ತರಿಸಿಕೊಂಡೆ.

ಬಟ್ಟೆಯ ಪಾಠದಲ್ಲಿ ಒಂದೇ ಒಂದು ಭಾಗ ಮಾತ್ರ ಮೈಯ ಪಾಠದ ಮಟ್ಟಕ್ಕೆ ಏರಿತು, ಅದು ಸೆರಗಿನ ಕಸೂತಿ. ಕಸೂತಿಯ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಅಕ್ಕೋರು ಆರಿಸಿದ್ದು ಗವಂತಿ. ಬಟ್ಟೆಯ ಎಳೆ ಎಣಿಸುತ್ತಾ ಹೋಗುವಾಗ ಒಂದು ಬಿಟ್ಟು ಒಂದು ತುಂಬಿ, ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುವ ಈ ಹೊಲಿಗೆಗೆ ಗಂಟು ಹಾಕುವುದಿಲ್ಲ, ಎರಡು ಮಗ್ಗಲೂ ಒಂದೇ ರೀತಿ ಕಾಣುತ್ತದೆ. ಗೊಂಬೆಯ ಸೆರಗು ಮಗುವಿನ ಕೈಯಲ್ಲಿ ದಿನಕ್ಕೆ ಹತ್ತು ಸಲ ಒಳಗು ಹೊರಗಾಗುವುದರಿಂದ ಇದಕ್ಕಿಂತ ಒಪ್ಪುವ ಹೊಲಿಗೆ ಇನ್ನೊಂದಿಲ್ಲ. ಕೆಂಪು ಸೆರಗಿನ ಮೇಲೆ ಬಿಳಿ ದಾರದಲ್ಲಿ ಒಂದು ಸಣ್ಣ ಗೋಪುರ ಹೊಲಿಯಲು ನನಗೆ ಎರಡು ಸಂಜೆ ಹಿಡಿಯಿತು. ಇದನ್ನು ಇಷ್ಟು ತಿಳಿಯಾಗಿ ಕಲಿಸಬಲ್ಲವರು ಝಂಪರನ್ನೂ ಕಲಿಸಬಲ್ಲರು ಎಂಬ ನಂಬಿಕೆಯಿಂದಲೇ ನಾನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೊನೆಯ ಅರ್ಧ ತಾಸು ಗೊಂಬೆ ಹೊಲಿದು ಮಾರುವ ಬಗ್ಗೆ ಮಾತಾಯಿತು. ಬೆಲೆ ಹೇಗೆ ಇಡಬೇಕು, ಫೋಟೊ ಹೇಗೆ ತೆಗೆಯಬೇಕು ಎಂದೆಲ್ಲ ಹೇಳಿದವರು ಕಾಯ್ದೆಯ ವಿಷಯವನ್ನು ಎತ್ತಲೇ ಇಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಕಡ್ಡಾಯವಾಗಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಣಿ ಮಾಡಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ಮಾರುವ ಯೋಚನೆ ಇರುವವರು ಈ ನೋಂದಣಿಯನ್ನು ಮೊದಲು ಮಾಡಿಸಿಕೊಳ್ಳಬೇಕು. ಸುರಕ್ಷತೆಯ ಪರೀಕ್ಷೆಯಲ್ಲಿ 31.7 ಮಿ.ಮೀ. ಒಳವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಇಳಿಯುವಷ್ಟು ಚಿಕ್ಕದಾದ ಬಿಡಿ ವಸ್ತು 3 ವರ್ಷದೊಳಗಿನ ಮಗುವಿನ ಆಟಿಕೆಯಲ್ಲಿ ಇರಕೂಡದು. ಆ ವಯಸ್ಸಿನ ಮಕ್ಕಳ ಗೊಂಬೆಗೆ ನಾನು ಹೇಳಿದ ಟಿಚ್ ಬಟನ್ ಕೂಡ ಬೇಡ, ಮಣಿಸರ ಅಂತೂ ಬೇಡವೇ ಬೇಡ. ಕೊರಳಿಗೆ ಇಲಾಸ್ಟಿಕ್ ಹಾಕಿದ ಸಡಿಲವಾದ ಅಂಗಿ ಸಾಕು.

ಜಾಗ ಚೊಕ್ಕಟವಾಗಿದೆ, ಬೆಳಕು ಚೆನ್ನಾಗಿ ಬರುತ್ತದೆ, ನಡುವೆ ಚಹಾ ಕೊಡುತ್ತಾರೆ. ಹೊಲಿಗೆ ಯಂತ್ರ ಎರಡೇ ಇರುವುದರಿಂದ ಸರದಿ ಕಾಯಬೇಕಾಗುತ್ತದೆ. ಹೊಲಿಗೆ ಗೊತ್ತಿಲ್ಲದವರಿಗೂ ಅಕ್ಕೋರು ಬೇಸರವಿಲ್ಲದೆ ಮತ್ತೆ ಮತ್ತೆ ತೋರಿಸುತ್ತಾರೆ. ನಮ್ಮ ತಂಡದಲ್ಲಿ ಸೂಜಿಗೆ ದಾರ ಪೋಣಿಸಲು ಬಾರದ ಕಾಲೇಜು ಹುಡುಗನೊಬ್ಬನಿದ್ದ, ಅವನ ಗೊಂಬೆಯ ಕುತ್ತಿಗೆ ನನ್ನದಕ್ಕಿಂತ ಚೆನ್ನಾಗಿ ಬಂದಿದೆ.

ಮುಂದಿನ ವಾರವೇ ನಾನು ಹೊಸ ಝಂಪರು ತೊಡಿಸಿದ ಗೊಂಬೆಯನ್ನು ಒಯ್ದು ಅವರಿಗೆ ತೋರಿಸಿದೆ. ಅಕ್ಕೋರು ಬೆನ್ನಿನ ಬಟನ್ ಬಿಚ್ಚಿ, ಲೈನಿಂಗನ್ನು ಬೆರಳಿನಿಂದ ಎತ್ತಿ ನೋಡಿ, ಮತ್ತೆ ತೊಡಿಸಿ, ಪ್ಯಾಟರ್ನ್ ಇದ್ದರೆ ಕೊಟ್ಟು ಹೋಗ್ರಿ ಎಂದರು. ಧೋತರದಲ್ಲಿ ಹೊಲಿದ ಮಾದರಿಯನ್ನೂ ಕಾಗದವನ್ನೂ ಕೊಟ್ಟುಬಂದಿದ್ದೇನೆ. ಮುಂದಿನ ತಂಡಕ್ಕೆ ಸೇರುವವರು ಅದನ್ನು ಕೇಳಿ ಪಡೆಯಬೇಕು, ಪರಕಾರಕ್ಕೆ ಲಾಡಿ ಹಾಕಿಸಿರೆಂದು ಮೊದಲ ದಿನವೇ ಹೇಳಬೇಕು. ಮೊನೆ ಚೂಪಾದ ಸಣ್ಣ ಕತ್ತರಿಯೊಂದನ್ನೂ, ದಡಿ ಇರುವ ಹಳೆಯ ಇಳಕಲ್ ಸೀರೆ ಮನೆಯಲ್ಲಿದ್ದರೆ ಅದರ ತುಂಡನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು.